ಇಸಿಎಫ್‌ಎ ಮುದ್ರೆ: ಕಾಣಿಕೆಯ ಲೆಕ್ಕಕ್ಕೆ ಸರಿ, ಪಾಸ್ಟರ್ ಮೇಲಿನ ಭರವಸೆಗೆ ಸಾಲದು

ಅಮೆರಿಕದ ಸುವಾರ್ತಾ ಸಭೆಗಳ (ಇವ್ಯಾಂಜೆಲಿಕಲ್ ಚರ್ಚುಗಳ), ಮಿಷನ್ ಸಂಸ್ಥೆಗಳ ವೆಬ್‌ಸೈಟ್ ತೆರೆದರೆ ಕಾಣಿಕೆ ಕೊಡುವ ಬಟನ್ನಿನ ಆಸುಪಾಸಿನಲ್ಲಿ ಎಷ್ಟೋ ಸಲ ಒಂದು ಸಣ್ಣ ಮುದ್ರೆ ಇರುತ್ತದೆ. ಅದು ಇಸಿಎಫ್‌ಎಯದು, ಪೂರ್ತಿ ಹೆಸರು ಇವ್ಯಾಂಜೆಲಿಕಲ್ ಕೌನ್ಸಿಲ್ ಫಾರ್ ಫೈನಾನ್ಷಿಯಲ್ ಅಕೌಂಟಬಿಲಿಟಿ. ವರ್ಜೀನಿಯಾ ರಾಜ್ಯದ ವಿಂಚೆಸ್ಟರ್‌ನಲ್ಲಿ ಕಚೇರಿ. 1979ರಲ್ಲಿ ಶುರುವಾಯಿತು. ಸಭೆ ಅಥವಾ ಸಂಸ್ಥೆ ಅರ್ಜಿ ಹಾಕುತ್ತದೆ, ದಾಖಲೆ ಒಪ್ಪಿಸುತ್ತದೆ, ವರ್ಷಾವರ್ಷ ಶುಲ್ಕ ಕಟ್ಟುತ್ತದೆ, ಪ್ರತಿ ವರ್ಷ ಮರುಪರಿಶೀಲನೆಗೆ ಒಡ್ಡಿಕೊಳ್ಳುತ್ತದೆ. ಅದಕ್ಕೆ ಪ್ರತಿಯಾಗಿ ಮುದ್ರೆ ಬಳಸುವ ಹಕ್ಕು. ಅಂದರೆ ಇದೊಂದು ಸೇವೆ. ಸೇವೆ ಎಂದಮೇಲೆ ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ನೋಡಿಯೇ ಬೆಲೆ ಕಟ್ಟಬೇಕು.

ನಮ್ಮ ಅಂಕ ಮೊದಲೇ ಹೇಳಿಬಿಡುತ್ತೇವೆ. ಹಣದ ಶಿಸ್ತಿಗೆ 5ರಲ್ಲಿ 4. ಪಾಸ್ಟರ್ ಎಂಬ ವ್ಯಕ್ತಿಯ ನಡತೆ, ಅಧಿಕಾರ, ಮುಚ್ಚುಮರೆ ಇವುಗಳ ಬಗ್ಗೆ ಭರವಸೆ ಬೇಕೆನ್ನುವವರಿಗೆ 5ರಲ್ಲಿ 2. ಎರಡನೆಯ ಅಂಕ ಕಡಿಮೆಯಾದದ್ದಕ್ಕೆ ಇಸಿಎಫ್‌ಎ ಒಂದೇ ಕಾರಣ ಅಲ್ಲ. ಅದು ಮಾರುತ್ತಿರುವುದು ಒಂದು, ಕೊಳ್ಳುವವರು ತಿಳಿದುಕೊಂಡಿರುವುದು ಇನ್ನೊಂದು.

ಇಂಥ ಸೇವೆ ಬೇಕಾಗಿದ್ದು ಯಾಕೆ ಎಂಬುದಕ್ಕೆ ಅಮೆರಿಕದ ತೆರಿಗೆ ಕಾನೂನಿನಲ್ಲಿ ಉತ್ತರವಿದೆ. ಅಲ್ಲಿ ತೆರಿಗೆ ವಿನಾಯಿತಿ ಪಡೆದ ಧರ್ಮಾರ್ಥ ಸಂಸ್ಥೆಗಳು ಪ್ರತಿ ವರ್ಷ ಐಆರ್‌ಎಸ್‌ಗೆ, ಅಂದರೆ ಅಲ್ಲಿನ ತೆರಿಗೆ ಇಲಾಖೆಗೆ, ಫಾರ್ಮ್ 990 ಸಲ್ಲಿಸಬೇಕು. ಮೇಲಿನ ಹುದ್ದೆಯವರ ಸಂಬಳ, ಸಂಬಂಧಿಕರ ಜೊತೆಗಿನ ವ್ಯವಹಾರ ಎಲ್ಲ ಅದರಲ್ಲಿ ಬರುತ್ತದೆ. ಯಾರು ಕೇಳಿದರೂ ಕಳೆದ ಮೂರು ವರ್ಷದ ಪ್ರತಿ ಕೊಡಲೇಬೇಕು. ಚರ್ಚುಗಳಿಗೆ ಮಾತ್ರ ಈ ಫಾರ್ಮಿನಿಂದ ಪೂರ್ತಿ ವಿನಾಯಿತಿ. ಅದರ ಮೇಲೆ 1984ರ ಕಾನೂನೊಂದಿದೆ: ಉನ್ನತ ಅಧಿಕಾರಿಯೊಬ್ಬರು ಸಕಾರಣ ಅನುಮಾನವನ್ನು ಬರಹದಲ್ಲಿ ದಾಖಲಿಸದೆ ಐಆರ್‌ಎಸ್ ಒಂದು ಚರ್ಚಿನ ತೆರಿಗೆ ವಿಚಾರಣೆ ಶುರು ಮಾಡುವಂತಿಲ್ಲ. ಧರ್ಮದಲ್ಲಿ ಸರ್ಕಾರ ಕೈಹಾಕಬಾರದು ಎಂಬುದು ಉದ್ದೇಶ, ಒಳ್ಳೆಯದೇ. ಆದರೆ ಅದರಿಂದಾಗಿ ಹತ್ತು ಸಾವಿರ ಜನರ ಸಭೆಯ ಪಾಸ್ಟರ್‌ಗೆ ಸಂಬಳ ಎಷ್ಟು ಎಂದು ಆ ಸಭೆಯವರಿಗೇ ತಿಳಿಯದ ಸ್ಥಿತಿಯೂ ಕಾನೂನುಬದ್ಧವೇ. 2007ರಲ್ಲಿ ಸೆನೆಟರ್ ಚಕ್ ಗ್ರಾಸ್ಲಿ ಆರು ಟಿವಿ ಸುವಾರ್ತಾ ಸಂಸ್ಥೆಗಳಿಗೆ ಲೆಕ್ಕ ಕೇಳಿ ಪತ್ರ ಬರೆದರು. ಕೆಲವರು ಪೂರ್ತಿ ಉತ್ತರ ಕೊಡಲಿಲ್ಲ. 2011ರ ಜನವರಿಯಲ್ಲಿ ವರದಿ ಬಂತು, ಯಾರಿಗೂ ಶಿಕ್ಷೆಯಾಗಲಿಲ್ಲ. ಹೊಸ ಕಾನೂನು ಬೇಕೇ ಎಂದು ಯೋಚಿಸುವ ಕೆಲಸಕ್ಕೆ ಆಯೋಗವೊಂದನ್ನು ಕಟ್ಟುವಂತೆ ಇಸಿಎಫ್‌ಎಯನ್ನೇ ಕೋರಲಾಯಿತು. ಸರ್ಕಾರ ಕಣ್ಣಿಡದ ಜಾಗದಲ್ಲಿ ತಾವೇ ಕಣ್ಣಿಡುತ್ತೇವೆ ಎಂಬುದೇ ಈ ಮುದ್ರೆಯ ಅರ್ಥ.

ಮಾನದಂಡಗಳು ಮೂಲತಃ ಏಳು. ಈಚೆಗೆ ನಾಯಕರ ಆರೈಕೆ ಮತ್ತು ಪ್ರಾಮಾಣಿಕತೆಯ ಬಗ್ಗೆ ಇನ್ನೊಂದನ್ನು ಸೇರಿಸುವ ಕೆಲಸ ನಡೆದಿದೆ. ಅದು ಕಾಗದದಿಂದ ಅಭ್ಯಾಸಕ್ಕೆ ಇಳಿದು ಕೆಲವು ವರ್ಷ ಆಗುವವರೆಗೆ ಅದಕ್ಕೆ ಅಂಕ ಕೊಡುವುದು ಸರಿಯಲ್ಲ. ಮೊದಲನೆಯದು ವಿಶ್ವಾಸದ ಅರಿಕೆ: ಸಂಸ್ಥೆ ಸುವಾರ್ತಾ ನಂಬಿಕೆಯದಾಗಿರಬೇಕು, ಅಷ್ಟೆ. ಏಳನೆಯದು ದಾನಿಗಳ ಜೊತೆಗಿನ ನಡವಳಿಕೆ. ಅದರಲ್ಲಿ ಒಂದು ಉಪನಿಯಮ ಬಹಳ ಉಪಯುಕ್ತ: ಕಾಣಿಕೆ ತಂದುಕೊಟ್ಟವರಿಗೆ ತಂದ ಹಣದ ಶೇಕಡಾವಾರು ಕಮಿಷನ್ ಕೊಡುವಂತಿಲ್ಲ. ನಡುವೆ ಇರುವ ನಾಲ್ಕೈದರಲ್ಲೇ ಪಾಸ್ಟರ್ ಮತ್ತು ಸಭೆಯ ನಡುವಣ ನಂಬಿಕೆಯ ಪ್ರಶ್ನೆ ಅಡಗಿರುವುದು.

ಎರಡನೆಯ ಮಾನದಂಡ ಆಡಳಿತ ಮಂಡಳಿಯದು. ಕನಿಷ್ಠ ಐದು ಜನ ಇರಬೇಕು. ಬಹುಮತ ಸ್ವತಂತ್ರರದ್ದಾಗಿರಬೇಕು, ಸಂಸ್ಥೆಯ ಸಂಬಳದವರು, ಅವರ ನೆಂಟರಿಷ್ಟರು ಈ ಲೆಕ್ಕಕ್ಕೆ ಬರುವುದಿಲ್ಲ. ವರ್ಷಕ್ಕೆ ಎರಡು ಸಲವಾದರೂ ಸಭೆ ಸೇರಬೇಕು. ಗಂಡ, ಹೆಂಡತಿ, ಮಗ, ಅಳಿಯ ಸೇರಿ ಮಂಡಳಿ ಮಾಡಿಕೊಂಡು ನಡೆಸುವ ಸಂಸ್ಥೆಗಳು ಈ ಒಂದು ಬಾಗಿಲಲ್ಲೇ ಹೊರಗೆ ಉಳಿಯುತ್ತವೆ. ಅದೊಂದಕ್ಕೇ ಈ ಸೇವೆಗೆ ಸಾಕಷ್ಟು ಅಂಕ ಕೊಡಬಹುದು.

ತೊಂದರೆ ಶುರುವಾಗುವುದು 'ಸ್ವತಂತ್ರ' ಎಂಬ ಮಾತಿನಲ್ಲಿ. ರಕ್ತಸಂಬಂಧ, ಸಂಬಳ, ವ್ಯಾಪಾರ ಇವನ್ನು ಕಾಗದದಲ್ಲಿ ಪರೀಕ್ಷಿಸಬಹುದು. ಹಂಗನ್ನು ಪರೀಕ್ಷಿಸುವುದು ಹೇಗೆ? ಸಭೆ ಸ್ಥಾಪಿಸಿದ ಪಾಸ್ಟರ್ ಮಂಡಳಿಯವರನ್ನು ತಾವೇ ಹೆಸರಿಸುತ್ತಾರೆ. ಆ ಐದು ಜನರಲ್ಲಿ ಇಬ್ಬರು ದೂರದ ಊರಿನ ಪಾಸ್ಟರ್‌ಗಳು. ಅವರ ಸಭೆಯ ಮಂಡಳಿಯಲ್ಲಿ ಇವರು, ಇವರ ಮಂಡಳಿಯಲ್ಲಿ ಅವರು. ಇನ್ನಿಬ್ಬರು ಪಾಸ್ಟರ್ ಕೈಯಲ್ಲೇ ದೀಕ್ಷಾಸ್ನಾನ ಪಡೆದವರು, ತಮ್ಮ ಬದುಕು ನೆಟ್ಟಗಾದದ್ದು ಅವರಿಂದ ಎಂದು ನಂಬಿದವರು. ಐದನೆಯವರು ಪಾಸ್ಟರ್ ಖುದ್ದು. ನಿಯಮದ ಪ್ರಕಾರ ಐದರಲ್ಲಿ ನಾಲ್ವರು ಸ್ವತಂತ್ರರು! ಆದರೆ 'ಬೇಡ ಅಯ್ಯಗಾರೇ, ಇದು ಸರಿಯಲ್ಲ' ಎಂದು ಹೇಳುವವರು ಆ ಮೇಜಿನ ಸುತ್ತ ಒಬ್ಬರೂ ಇರುವುದಿಲ್ಲ. ಹೌದಪ್ಪಗಳ ಮಂಡಳಿಗೂ ಅದೇ ಮುದ್ರೆ, ಎದೆಗಾರಿಕೆಯ ಹಿರಿಯರ ಮಂಡಳಿಗೂ ಅದೇ ಮುದ್ರೆ.

ಇಸಿಎಫ್‌ಎ ತನಗೆ ಆಧಾರವೆಂದು ತೋರಿಸುವ ವಾಕ್ಯ 2 ಕೊರಿಂಥದವರಿಗೆ 8:21: ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ನಡೆ ಯೋಗ್ಯವಾಗಿರಬೇಕು ಎಂಬುದು ಅದರ ಸಾರ. ಎರಡು ವಚನ ಹಿಂದಕ್ಕೆ ಹೋಗಿ 19ನೆಯದನ್ನು ಓದಿದರೆ ಇನ್ನೂ ಮುಖ್ಯವಾದದ್ದು ಸಿಗುತ್ತದೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ಜೊತೆ ಪೌಲನ ಸಂಗಡ ಹೋಗಲಿದ್ದ ಸಹೋದರನನ್ನು ಆರಿಸಿದ್ದು ಪೌಲನಲ್ಲ, ಸಭೆಗಳು. ಜೊತೆಗಾರನನ್ನು ಪೌಲನೇ ಆರಿಸಿದ್ದರೂ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೂ ಆ ಆಯ್ಕೆ ಅವನ ಕೈಯಲ್ಲಿ ಇರಲಿಲ್ಲ. ಕಾವಲಿನವನನ್ನು ಆರಿಸುವವರು ಯಾರು ಎಂಬ ಈ ಪ್ರಶ್ನೆಯನ್ನು ಇಸಿಎಫ್‌ಎ ಅರ್ಜಿ ನೇರವಾಗಿ ಕೇಳುವುದಿಲ್ಲ. ಸಭೆಯವರೇ ಕೇಳಿಕೊಳ್ಳಬೇಕು.

ಕೇಳುವ ಬಗೆ ಕಷ್ಟದ್ದಲ್ಲ. ಬೈಲಾದ ಪ್ರತಿ ತರಿಸಿಕೊಳ್ಳಿ. ಮಂಡಳಿಯ ಸದಸ್ಯರನ್ನು ನೇಮಿಸುವವರು ಯಾರು, ತೆಗೆಯುವವರು ಯಾರು. ಅವಧಿ ಎಷ್ಟು ವರ್ಷ, ಎಷ್ಟು ಸಲ ಮುಂದುವರಿಯಬಹುದು. ಅಧ್ಯಕ್ಷತೆ ಪಾಸ್ಟರದ್ದೋ ಬೇರೆಯವರದ್ದೋ. ಪಾಸ್ಟರನ್ನು ಕೆಲಸದಿಂದ ತೆಗೆಯಲು ಎಷ್ಟು ಮತ ಬೇಕು, ಆ ಮತದಲ್ಲಿ ಪಾಸ್ಟರ್ ಕೂಡ ಸೇರುತ್ತಾರೋ. ಕೊನೆಯ ಪ್ರಶ್ನೆಗೆ ಬೈಲಾದಲ್ಲಿ ಉತ್ತರವೇ ಇಲ್ಲದಿದ್ದರೆ, ಅಥವಾ 'ಸರ್ವಾನುಮತ' ಎಂದಿದ್ದರೆ, ಮುದ್ರೆ ಇದ್ದೂ ಇಲ್ಲದಂತೆ. ಪಾಸ್ಟರ್ ಹೊರಗಿದ್ದು ಮಂಡಳಿಯವರು ಮಾತ್ರ ಕೂತು ಮಾತನಾಡುವ ಅವಧಿ ಪ್ರತಿ ಸಭೆಯಲ್ಲೂ ಇರುವುದು ಒಳ್ಳೆಯ ಗುರುತು. ಅದನ್ನು ಗೊತ್ತುಪಡಿಸಿದ ಕಲಾಪವಾಗಿಯೇ ಇಟ್ಟುಕೊಳ್ಳಬೇಕು. ಜಗಳ ಬಂದಾಗ ಮಾತ್ರ ಅಂಥ ಸಭೆ ಕರೆದರೆ ಪಾಸ್ಟರ್‌ಗೆ ಅದು ಪಿತೂರಿಯಂತೆ ಕಾಣುತ್ತದೆ; ಪ್ರತಿ ಸಲವೂ ಇದ್ದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಮೂರನೆಯ ಮಾನದಂಡ ಲೆಕ್ಕಪತ್ರದ್ದು. ಹಣಕಾಸಿನ ತಃಖ್ತೆಗಳನ್ನು ಪೂರ್ಣವಾಗಿ, ಸರಿಯಾಗಿ ತಯಾರಿಸಬೇಕು; ಹೊರಗಿನ ಸಿಪಿಎಯನ್ನು (ಪರವಾನಗಿ ಪಡೆದ ಲೆಕ್ಕಪರಿಶೋಧಕರನ್ನು) ಗೊತ್ತುಮಾಡುವುದು, ಅವರ ವರದಿ ಪರಿಶೀಲಿಸುವುದು ಬಹುಮತ ಸ್ವತಂತ್ರರಿರುವ ಮಂಡಳಿ ಅಥವಾ ಸಮಿತಿಯ ಕೆಲಸ. ಇಲ್ಲಿ ಸಭೆಯವರು ಎಡವುವುದು ಒಂದು ಶಬ್ದದಲ್ಲಿ. 'ನಮ್ಮ ಲೆಕ್ಕ ಸಿಪಿಎ ನೋಡಿದ್ದಾರೆ' ಎನ್ನುವುದಕ್ಕೆ ಮೂರು ಅರ್ಥಗಳಿವೆ. ಮೊದಲನೆಯದು ಸಂಕಲನ (ಕಂಪೈಲೇಷನ್): ಸಭೆ ಕೊಟ್ಟ ಅಂಕಿಗಳನ್ನು ಸಿಪಿಎ ಸರಿಯಾದ ನಮೂನೆಯಲ್ಲಿ ಜೋಡಿಸಿ ಕೊಡುತ್ತಾರೆ, ನಿಜವೋ ಸುಳ್ಳೋ ಎಂಬ ಬಗ್ಗೆ ಯಾವ ಭರವಸೆಯೂ ಇಲ್ಲ. ಎರಡನೆಯದು ರಿವ್ಯೂ: ಪ್ರಶ್ನೆ ಕೇಳಿ, ಹಿಂದಿನ ವರ್ಷದ ಅಂಕಿಗಳ ಜೊತೆ ತಾಳೆ ನೋಡಿ, ಸೀಮಿತ ಭರವಸೆ ಕೊಡುತ್ತಾರೆ. ಮೂರನೆಯದು ಆಡಿಟ್: ಬ್ಯಾಂಕಿಗೆ ಬರೆದು ಖಚಿತಪಡಿಸಿಕೊಳ್ಳುವುದು, ವೋಚರ್ ತೆಗೆಸಿ ನೋಡುವುದು, ಒಳನಿಯಂತ್ರಣ ಅರ್ಥಮಾಡಿಕೊಳ್ಳುವುದು, ಆಮೇಲೆ ಅಭಿಪ್ರಾಯ. ಖರ್ಚಿನಲ್ಲೂ ಇದೇ ಏರಿಕೆಯ ಕ್ರಮ. ಸಂಸ್ಥೆಯ ಗಾತ್ರ ನೋಡಿ ಇಸಿಎಫ್‌ಎ ಕೆಳಗಿನ ಹಂತಗಳನ್ನೂ ಒಪ್ಪುತ್ತದೆ. ಹಾಗಾಗಿ ಮುದ್ರೆ ಇದೆ ಎಂದ ಮಾತ್ರಕ್ಕೆ ಆಡಿಟ್ ಆಗಿದೆ ಎಂದುಕೊಳ್ಳಬಾರದು. ವರದಿಯ ಮೊದಲ ಪುಟದಲ್ಲಿ ಈ ಮೂರರಲ್ಲಿ ಯಾವ ಶಬ್ದ ಇದೆ ಎಂದು ನೋಡಿ.

ಪೂರ್ಣ ಆಡಿಟ್ ವರದಿ ಕೈಗೆ ಸಿಕ್ಕಿತು ಎನ್ನಿ. ಮೂರು ಜಾಗ ನೋಡಿದರೆ ಅರ್ಧ ಕಥೆ ತಿಳಿಯುತ್ತದೆ. ಒಂದು, ಆಸ್ತಿ-ಹೊಣೆ ಪಟ್ಟಿಯಲ್ಲಿ ದಾನಿಯ ಷರತ್ತು ಇರುವ ನಿಧಿಯ ಮೊತ್ತ. ಕಟ್ಟಡಕ್ಕೆಂದೋ ಮಿಷನರಿಗೆಂದೋ ಗೊತ್ತುಮಾಡಿ ಕೊಟ್ಟು ಇನ್ನೂ ಖರ್ಚಾಗದ ಹಣ ಇದು. ಅದನ್ನು ಬ್ಯಾಂಕಿನಲ್ಲಿರುವ ನಗದು ಮತ್ತು ಠೇವಣಿಯ ಜೊತೆ ಹೋಲಿಸಿ. ಷರತ್ತಿನ ನಿಧಿ 8 ಲಕ್ಷ ಡಾಲರ್, ಬ್ಯಾಂಕಿನಲ್ಲಿ ಇರುವುದು 5 ಲಕ್ಷ ಎಂದಾದರೆ 3 ಲಕ್ಷವನ್ನು ಬಹುಶಃ ಸಂಬಳಕ್ಕೋ ವಿದ್ಯುತ್ ಬಿಲ್ಲಿಗೋ ಬಳಸಿಕೊಂಡಿದ್ದಾರೆ. ವಾಗ್ದಾನ ಮಾಡಿ ಇನ್ನೂ ಕೊಡದ ಕಾಣಿಕೆಯಿಂದಲೂ ಅಂತರ ಬರಬಹುದು. ಅದನ್ನು ಬೇರೆ ಸಾಲಿನಲ್ಲಿ ತೋರಿಸಿರುತ್ತಾರೆ, ಕಳೆದು ನೋಡಿ. ಕಳ್ಳತನ ಅಲ್ಲದಿದ್ದರೂ ಇದು ನಂಬಿಕೆದ್ರೋಹದ ಮೊದಲ ಮೆಟ್ಟಿಲು, ಮತ್ತು ಬಹುತೇಕ ಸಲ ಕೆಟ್ಟ ಮನಸ್ಸಿನಿಂದ ಆಗಿರುವುದಿಲ್ಲ. 'ಮುಂದಿನ ತಿಂಗಳು ತುಂಬಿಬಿಡೋಣ' ಎಂಬಲ್ಲಿಂದ ಶುರುವಾಗಿರುತ್ತದೆ. ಎರಡು, ಟಿಪ್ಪಣಿಗಳ ಭಾಗದಲ್ಲಿ ಸಂಬಂಧಿತ ವ್ಯಕ್ತಿಗಳ ವ್ಯವಹಾರ ಎಂಬ ಟಿಪ್ಪಣಿ. ಪಾಸ್ಟರ್ ಮೈದುನನ ಕಂಪನಿಗೆ ಸೌಂಡ್ ಸಿಸ್ಟಮ್ ಗುತ್ತಿಗೆ, ಹಿರಿಯರೊಬ್ಬರ ಕಟ್ಟಡಕ್ಕೆ ಬಾಡಿಗೆ, ಇವೆಲ್ಲ ಅಲ್ಲಿ ಬರಬೇಕು. ಮೂರನೆಯದು ವರದಿಯ ಒಳಗೆ ಇರುವುದಿಲ್ಲ: ಆಡಿಟರ್ ಕಂಡ ದೊಡ್ಡ ದೋಷಗಳನ್ನು ಮಂಡಳಿಗೆ ಬೇರೆ ಪತ್ರದಲ್ಲಿ ಬರೆದು ತಿಳಿಸುತ್ತಾರೆ. ಆ ಪತ್ರವನ್ನು ಸಭೆಗೆ ಓದಿ ಹೇಳುವ ಹಿರಿಯರು ಅಪರೂಪ. ಓದಿ ಹೇಳಿದರೆ ಆ ಸಭೆಯಲ್ಲಿ ಮುಚ್ಚುಮರೆ ಕಡಿಮೆ ಎಂದು ಧೈರ್ಯವಾಗಿ ನಂಬಬಹುದು. ಯಾಕೆಂದರೆ ಏನೂ ದೋಷ ಬರೆಯದ ಆಡಿಟರ್‌ಗಳು ಇರುವುದು ಕಡಿಮೆಯೇ.

ಇಷ್ಟಾಗಿಯೂ ಆಡಿಟ್ ಎಂಬುದು ಕಳ್ಳರನ್ನು ಹಿಡಿಯುವ ಬಲೆ ಅಲ್ಲ. ಭಾನುವಾರದ ಕಾಣಿಕೆ ತಟ್ಟೆಯಿಂದ ಎಣಿಕೆಯ ಮೇಜಿಗೆ ಹೋಗುವ ಮೊದಲೇ ನೋಟು ಮಾಯವಾದರೆ ಯಾವ ಆಡಿಟರ್‌ಗೂ ತಿಳಿಯುವುದಿಲ್ಲ. ಅದಕ್ಕೆ ಮದ್ದು ಹಳೆಯದೇ: ಪರಸ್ಪರ ಸಂಬಂಧವಿಲ್ಲದ ಇಬ್ಬರು ಎಣಿಸುವುದು, ಆ ಇಬ್ಬರೂ ವಾರವಾರ ಬದಲಾಗುವುದು, ಎಣಿಕೆ ಚೀಟಿಗೆ ಇಬ್ಬರ ಸಹಿ, ಬ್ಯಾಂಕ್ ಜಮಾ ರಸೀದಿಯ ಜೊತೆ ಆ ಚೀಟಿಯನ್ನು ತಾಳೆ ನೋಡುವವರು ಮೂರನೆಯವರು. ಚೆಕ್ ಬರೆಯುವವರೇ ಬ್ಯಾಂಕ್ ತಾಳೆಪಟ್ಟಿ ಮಾಡಬಾರದು.

ಈಗ ಎಲ್ಲರ ಕುತೂಹಲದ ವಿಷಯ, ಸಂಬಳ. ಇದು ಆರನೆಯ ಮಾನದಂಡ, ಮತ್ತು ಈ ಸೇವೆಯ ಅತ್ಯುತ್ತಮ ಭಾಗ. ಇದರ ಬೆನ್ನಿಗೆ ತೆರಿಗೆ ಕಾನೂನೂ ಇದೆ: ಧರ್ಮಾರ್ಥ ಸಂಸ್ಥೆಯಲ್ಲಿ ಪ್ರಭಾವ ಇರುವವರು ನ್ಯಾಯವಾದದ್ದಕ್ಕಿಂತ ಹೆಚ್ಚು ಲಾಭ ಪಡೆದರೆ ಹೆಚ್ಚುವರಿ ಮೊತ್ತದ ಮೇಲೆ ಶೇ. 25 ದಂಡ ತೆರಿಗೆ; ಸರಿಪಡಿಸದಿದ್ದರೆ ಶೇ. 200. ಗೊತ್ತಿದ್ದೂ ಒಪ್ಪಿದ ಮಂಡಳಿ ಸದಸ್ಯರಿಗೂ ಶೇ. 10, ಒಂದು ವ್ಯವಹಾರಕ್ಕೆ ಗರಿಷ್ಠ 20,000 ಡಾಲರ್. ಇದರಿಂದ ಚರ್ಚುಗಳಿಗೆ ವಿನಾಯಿತಿ ಇಲ್ಲ. ರಕ್ಷಣೆ ಬೇಕಾದರೆ ಮೂರು ಕೆಲಸ ಮಾಡಬೇಕು. ಸಂಬಳ ಪಡೆಯುವವರು ಹೊರಗಿದ್ದು, ಅವರ ಹಂಗಿಲ್ಲದವರು ತೀರ್ಮಾನಿಸಬೇಕು. ಅದೇ ಗಾತ್ರದ, ಅದೇ ಬಗೆಯ ಸಂಸ್ಥೆಗಳಲ್ಲಿ ಎಷ್ಟು ಕೊಡುತ್ತಾರೆ ಎಂಬ ಮಾಹಿತಿ ಮುಂದಿಟ್ಟುಕೊಳ್ಳಬೇಕು. ವರ್ಷದ ಆದಾಯ 10 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ಮೂರು ಸಂಸ್ಥೆಗಳ ಮಾಹಿತಿ ಸಾಕು. ತೀರ್ಮಾನವನ್ನು, ಅದರ ಕಾರಣವನ್ನು ಮುಂದಿನ ಸಭೆಯೊಳಗೆ ಅಥವಾ 60 ದಿನದೊಳಗೆ, ಯಾವುದು ತಡವೋ ಅಷ್ಟರೊಳಗೆ, ನಡಾವಳಿಯಲ್ಲಿ ಬರೆಯಬೇಕು.

ಬರೆಯುವಾಗ ಕೆಡುವುದು 'ಸಂಬಳ' ಎಂಬ ಒಂದು ಸಾಲಿನಲ್ಲೇ ನಿಂತುಬಿಡುವುದರಿಂದ. ಪಾಸ್ಟರ್‌ಗೆ ಸಿಗುವ ಒಟ್ಟು ಮೊತ್ತದಲ್ಲಿ ಮನೆ ಭತ್ಯೆ ಇದೆ, ನಿವೃತ್ತಿ ನಿಧಿ ಇದೆ, ಕಾರು, ವಿಮೆ, ಮಕ್ಕಳ ಶಾಲೆಯ ರಿಯಾಯಿತಿ, ಹೆಂಡತಿಯ ಹೆಸರಿನ ಬೇರೆ ಸಂಬಳ, ವಾರ್ಷಿಕ ಗೌರವ ಕಾಣಿಕೆ ಎಲ್ಲ ಇದೆ. ಮನೆ ಭತ್ಯೆಗೆ ಆದಾಯ ತೆರಿಗೆ ಇಲ್ಲ, ಆದರೆ ಮಂಡಳಿ ಅದನ್ನು ಮುಂಚಿತವಾಗಿ ಠರಾವು ಮಾಡಿರಬೇಕು. ಠರಾವಿನ ಮೊತ್ತ, ನಿಜವಾದ ಖರ್ಚು, ಮನೆಯ ಸಮಂಜಸ ಬಾಡಿಗೆ ಬೆಲೆ, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೇ ವಿನಾಯಿತಿ. ವರ್ಷದ ಕೊನೆಯಲ್ಲಿ ಹಿಂದಿನ ತಾರೀಖು ಹಾಕಿ ಠರಾವು ಬರೆಯುವ ಸಭೆಗಳು ತಮ್ಮ ಪಾಸ್ಟರನ್ನೇ ಕಷ್ಟಕ್ಕೆ ಸಿಕ್ಕಿಸುತ್ತಿವೆ. ಪ್ರಯಾಣ, ಊಟದ ಖರ್ಚಿಗೂ ಹೀಗೆಯೇ: ಖರ್ಚಾದ 60 ದಿನದೊಳಗೆ ರಸೀದಿ, ಮುಂಗಡದಲ್ಲಿ ಉಳಿದದ್ದು 120 ದಿನದೊಳಗೆ ವಾಪಸ್ ಎಂಬುದು ಐಆರ್‌ಎಸ್ ಒಪ್ಪುವ ಮಿತಿ. ರಸೀದಿ ಇಲ್ಲದೆ ತಿಂಗಳಿಗಿಷ್ಟು ಎಂದು ಕೊಟ್ಟರೆ ಅದು ಸಂಬಳವೇ. ಪಾಸ್ಟರ್ ಒಬ್ಬರೇ ಸಹಿ ಹಾಕುವ 'ವಿವೇಚನಾ ನಿಧಿ' ಇದ್ದರೆ ಅದನ್ನು ಇಂದೇ ಮುಚ್ಚುವುದು ಲೇಸು. ಬಡವರಿಗೆ ಸಹಾಯ ಮಾಡಲು ಮೂವರ ಸಮಿತಿ ಸಾಕು. ಪಾಸ್ಟರ್ ಶಿಫಾರಸು ಮಾಡಲಿ, ಚೆಕ್ ಬೇರೆಯವರು ಬರೆಯಲಿ.

ಪುಸ್ತಕಗಳು ಇನ್ನೊಂದು ಬಿಲ. ಪಾಸ್ಟರ್ ಬರೆದ ಪುಸ್ತಕವನ್ನು ಸಭೆಯ ಹಣದಲ್ಲಿ ಸಾವಿರಗಟ್ಟಲೆ ಕೊಂಡು ಹಂಚುವುದು, ಅದರ ರಾಯಲ್ಟಿ ಪಾಸ್ಟರ್‌ಗೆ ಹೋಗುವುದು ಬಹಳ ಕಡೆ ಇದೆ. ಸಿಯಾಟಲ್‌ನ ಮಾರ್ಸ್ ಹಿಲ್ ಚರ್ಚ್ ತನ್ನ ಪಾಸ್ಟರ್ ಪುಸ್ತಕವನ್ನು ಹೆಚ್ಚು ಮಾರಾಟದ ಪಟ್ಟಿಗೆ ಏರಿಸಲು ಮಾರ್ಕೆಟಿಂಗ್ ಕಂಪನಿಯೊಂದಕ್ಕೆ 2 ಲಕ್ಷ ಡಾಲರ್‌ಗೂ ಹೆಚ್ಚಿನ ಒಪ್ಪಂದ ಮಾಡಿಕೊಂಡಿದ್ದು 2014ರಲ್ಲಿ ಹೊರಬಂತು. ಆ ವರ್ಷದ ಕೊನೆಗೆ, ಬೇರೆ ದೂರುಗಳೂ ಸೇರಿ, ಆ ಚರ್ಚೇ ವಿಸರ್ಜನೆಯಾಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹಾಗೆ.

ಐದನೆಯದು ಪಾರದರ್ಶಕತೆಯ ಮಾನದಂಡ. ಹೆಸರು ದೊಡ್ಡದು, ವ್ಯಾಪ್ತಿ ಚಿಕ್ಕದು. ಬರಹದಲ್ಲಿ ಕೇಳಿದವರಿಗೆ ಸಂಸ್ಥೆ ಇತ್ತೀಚಿನ ಹಣಕಾಸು ತಃಖ್ತೆ ಕೊಡಬೇಕು. ಬಾಯಿಮಾತಿಗೆ ಈ ಬಲ ಇಲ್ಲ. ಆ ತಃಖ್ತೆಯಲ್ಲಿ 'ಸಿಬ್ಬಂದಿ ವೆಚ್ಚ' ಎಂದು ಒಟ್ಟು ಮೊತ್ತ ಇರುತ್ತದೆ. ಪಾಸ್ಟರ್‌ಗೆ ಎಷ್ಟು ಎಂದು ಬಿಡಿಸಿ ಇರಬೇಕಾಗಿಲ್ಲ. ಮಂಡಳಿಯ ನಡಾವಳಿ ಬರುವುದಿಲ್ಲ. ಕೆಲಸ ಬಿಟ್ಟುಹೋದವರಿಗೆ ಎಷ್ಟು ಕೊಟ್ಟು ಕಳಿಸಿದರು ಎಂಬುದು ಕಾಣುವುದಿಲ್ಲ. ಫಾರ್ಮ್ 990 ಸಲ್ಲಿಸುವ ಸಾಧಾರಣ ಅನಾಥಾಶ್ರಮ ಈ ವಿಷಯದಲ್ಲಿ ಮುದ್ರೆ ಪಡೆದ ಚರ್ಚಿಗಿಂತ ಹೆಚ್ಚು ತೆರೆದ ಮನೆ. ಇಲ್ಲಿ ಇಸಿಎಫ್‌ಎ ಇನ್ನೂ ಬಿಗಿಯಾಗಬಹುದಿತ್ತು.

ಮುದ್ರೆ ಇದ್ದೂ ಕೆಟ್ಟದ್ದಕ್ಕೆ ಎರಡು ಬಹಿರಂಗ ಉದಾಹರಣೆ ಸಾಕು. ಚಿಕಾಗೊ ಸುತ್ತಮುತ್ತ ಶಾಖೆಗಳಿದ್ದ ಹಾರ್ವೆಸ್ಟ್ ಬೈಬಲ್ ಚಾಪೆಲ್‌ನಲ್ಲಿ ಹಣಕಾಸು, ಆಡಳಿತ ಸರಿಯಿಲ್ಲ ಎಂದು 2018ರ ಕೊನೆಗೆ ಪತ್ರಿಕಾ ವರದಿಗಳು ಬಂದವು. ಆಗ ಭೇಟಿ ಕೊಟ್ಟು ಪರಿಶೀಲಿಸಿದ ಇಸಿಎಫ್‌ಎ ಎಲ್ಲ ಸರಿ ಇದೆ ಎಂದಿತು. 2019ರ ಫೆಬ್ರುವರಿಯಲ್ಲಿ ಸ್ಥಾಪಕ ಪಾಸ್ಟರ್ ಜೇಮ್ಸ್ ಮ್ಯಾಕ್‌ಡೊನಾಲ್ಡ್ ಅವರನ್ನು ಸಭೆಯ ಹಿರಿಯರೇ ತೆಗೆದುಹಾಕಿದರು. ಮಾರ್ಚ್‌ನಲ್ಲಿ ಇಸಿಎಫ್‌ಎ ಸದಸ್ಯತ್ವ ಅಮಾನತು ಮಾಡಿತು, ಏಪ್ರಿಲ್‌ನಲ್ಲಿ ರದ್ದು ಮಾಡಿತು. ಏಳರಲ್ಲಿ ನಾಲ್ಕು ಮಾನದಂಡ ಮುರಿದಿದ್ದಾರೆ ಎಂದಿತು. ಮೊದಲ ಭೇಟಿಯಲ್ಲಿ ತಮ್ಮ ಮುಂದೆ ಇಡದ ಮಾಹಿತಿ ಆಮೇಲೆ ಸಿಕ್ಕಿತು ಎಂಬುದು ಅವರು ಕೊಟ್ಟ ಕಾರಣ. ಕಾರಣ ನಿಜವೇ, ಆದರೆ ದೌರ್ಬಲ್ಯವೂ ಅದೇ: ಸದಸ್ಯ ಸಂಸ್ಥೆ ಏನು ತೋರಿಸುತ್ತದೋ ಅದನ್ನೇ ಇಸಿಎಫ್‌ಎ ನೋಡುತ್ತದೆ. ಅದಕ್ಕೆ ಸಮನ್ಸ್ ಹೊರಡಿಸುವ ಅಧಿಕಾರ ಇಲ್ಲ.

ಎರಡನೆಯದು ಟೆಕ್ಸಸ್‌ನಲ್ಲಿ ಕಚೇರಿ ಇರುವ ಗಾಸ್ಪೆಲ್ ಫಾರ್ ಏಷ್ಯಾ. ಇದರ ಸದಸ್ಯತ್ವ 2015ರ ಅಕ್ಟೋಬರ್‌ನಲ್ಲಿ ರದ್ದಾಯಿತು. ಗೊತ್ತಾದ ಉದ್ದೇಶಕ್ಕೆ ಬಂದ ಕಾಣಿಕೆ ಆ ಉದ್ದೇಶಕ್ಕೇ ಹೋಯಿತೇ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ದಾನಿಗಳು ಹೂಡಿದ ದಾವೆ 2019ರಲ್ಲಿ 3.7 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ತಪ್ಪು ಒಪ್ಪಿಕೊಳ್ಳದೆಯೇ ಸಂಸ್ಥೆ ಆ ರಾಜಿಗೆ ಸಹಿ ಹಾಕಿತು. ಇಲ್ಲಿ ಇಸಿಎಫ್‌ಎಗೆ ಒಂದು ಮೆಚ್ಚುಗೆ ಸಲ್ಲಬೇಕು. ದೊಡ್ಡ ಶುಲ್ಕ ಕಟ್ಟುವ ದೊಡ್ಡ ಸದಸ್ಯರನ್ನು ಹೊರಹಾಕುವುದು ಯಾವ ಸಂಘಕ್ಕೂ ಸುಲಭವಲ್ಲ. ಶುಲ್ಕ ಆದಾಯಕ್ಕೆ ತಕ್ಕಂತೆ ಏರುವುದರಿಂದ, ಪರೀಕ್ಷೆ ಮಾಡುವವರಿಗೆ ಪರೀಕ್ಷೆಗೆ ಕೂತವರೇ ಸಂಬಳ ಕೊಡುವ ತೊಡಕು ಇಲ್ಲೂ ಇದೆ. ಅದು ಆಡಿಟರ್‌ಗಳಿಗೂ ಇರುವ ತೊಡಕೇ.

ಹಣದ ಆಚೆಗೆ ಬಂದರೆ ಮುದ್ರೆ ಮೌನ. ಪಾಸ್ಟರ್ ಸಿಬ್ಬಂದಿಯನ್ನು ಗದರಿಸಿ ಆಳುತ್ತಾರೋ, ಆಪ್ತಸಮಾಲೋಚನೆಗೆ ಬಂದವರ ಗುಟ್ಟನ್ನು ಪ್ರಸಂಗದಲ್ಲಿ ಉದಾಹರಣೆ ಮಾಡುತ್ತಾರೋ, ಲೈಂಗಿಕ ದೂರು ಬಂದಾಗ ಹಿರಿಯರು ಏನು ಮಾಡಿದರು, ಕೆಲಸ ಬಿಟ್ಟವರಿಂದ ಬಾಯಿಬಿಡದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡು ಕಳಿಸುತ್ತಾರೋ: ಇದಾವುದನ್ನೂ ಮೂಲದ ಏಳು ಮಾನದಂಡಗಳು ಮುಟ್ಟುವುದಿಲ್ಲ. ನಮ್ಮ ತೂಕದಲ್ಲಿ ಬಾಯಿಬಿಡದ ಒಪ್ಪಂದವೇ ಎಲ್ಲಕ್ಕಿಂತ ಕೆಟ್ಟ ಗುರುತು. ಮೂರು ತಿಂಗಳ ಸಂಬಳ ಬೇಕಾದರೆ ಇಲ್ಲಿ ನಡೆದದ್ದನ್ನು ಯಾರಿಗೂ ಹೇಳಬೇಡ ಎಂದು ಬರೆಸಿಕೊಳ್ಳುವ ಸಭೆ ಎಷ್ಟು ಚಂದದ ಆಡಿಟ್ ವರದಿ ಹೊರತಂದರೂ ಅದರ ಬಾಗಿಲು ಮುಚ್ಚಿಯೇ ಇದೆ. 'ನಮ್ಮಲ್ಲಿ ಇಂಥ ಒಪ್ಪಂದ ಬಳಸುವುದಿಲ್ಲ, ಹಿಂದೆ ಮಾಡಿಕೊಂಡವರಿಗೆ ಬಿಡುಗಡೆ ಇದೆ' ಎಂಬ ಒಂದು ಠರಾವು ಮಾಡಲು ಕಾಸೂ ಖರ್ಚಾಗುವುದಿಲ್ಲ.

ನಡತೆಯ ದೂರು ಬಂದಾಗ ಬೇಕಾಗುವುದು ಬೇರೆ ಸೇವೆ, ಸ್ವತಂತ್ರ ತನಿಖೆಯದು. ಅದನ್ನು ಕೊಳ್ಳುವಾಗ ಕರಾರಿನ ಮೂರು ವಿಷಯ ನೋಡದಿದ್ದರೆ 'ಸ್ವತಂತ್ರ' ಎಂಬ ಮಾತಿಗೆ ಬೆಲೆ ಇಲ್ಲ. ತನಿಖೆಯ ವ್ಯಾಪ್ತಿಯನ್ನು ಬರೆದವರು ಯಾರು? ವಕೀಲ-ಕಕ್ಷಿದಾರ ಗೌಪ್ಯತೆಯನ್ನು ಸಭೆ ಬಿಟ್ಟುಕೊಟ್ಟಿದೆಯೇ? ವರದಿ ಪೂರ್ತಿ ಹೊರಬರುತ್ತದೆಯೇ, ಮಂಡಳಿ ಬರೆದ ಸಾರಾಂಶವಷ್ಟೇ ಬರುತ್ತದೆಯೇ? ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳ ದೊಡ್ಡ ಕೂಟವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ ಲೈಂಗಿಕ ದೌರ್ಜನ್ಯದ ದೂರುಗಳನ್ನು ಹೇಗೆ ನಿಭಾಯಿಸಿತು ಎಂಬ ತನಿಖೆಯಲ್ಲಿ ಈ ಎರಡನೆಯ ಪ್ರಶ್ನೆಯ ಮೇಲೆಯೇ ವಾರಗಟ್ಟಲೆ ಜಗ್ಗಾಟ ನಡೆಯಿತು. 2021ರ ಅಕ್ಟೋಬರ್‌ನಲ್ಲಿ ಕಾರ್ಯಕಾರಿ ಸಮಿತಿ ಗೌಪ್ಯತೆ ಬಿಟ್ಟುಕೊಡಲು ಮತ ಹಾಕಿತು. ಅದನ್ನು ಒಪ್ಪದ ಕೆಲವರು ರಾಜೀನಾಮೆ ಕೊಟ್ಟರು. 2022ರ ಮೇ ತಿಂಗಳಲ್ಲಿ ಗೈಡ್‌ಪೋಸ್ಟ್ ಸಲ್ಯೂಶನ್ಸ್ ಎಂಬ ತನಿಖಾ ಕಂಪನಿಯ 288 ಪುಟದ ವರದಿ ಎಲ್ಲರ ಕೈಗೆ ಸಿಕ್ಕಿತು. ಗೌಪ್ಯತೆ ಬಿಡದಿದ್ದರೆ ತನಿಖೆಗಾರರಿಗೆ ಒಳಗಿನ ಪತ್ರವ್ಯವಹಾರ ಸಿಗುವುದೇ ಇಲ್ಲ. ಸಿಕ್ಕಿದ್ದನ್ನು ಪ್ರಕಟಿಸಲೂ ಆಗುವುದಿಲ್ಲ. ತನಿಖೆ ಶುರುವಾಗುವ ಮೊದಲೇ, ದೂರು ಕೊಟ್ಟವರೂ ಒಪ್ಪುವ ಹಾಗೆ ಇದನ್ನು ಬರಹದಲ್ಲಿ ಇಡಬೇಕು. ನಡುವೆ ಸೇರಿಸುತ್ತೇವೆಂದರೆ ಆಗುವುದಿಲ್ಲ.

ಬಿಷಪ್ ಇರುವ ಸಭಾಪದ್ಧತಿ, ಪ್ರೆಸ್ಬಿಟರಿ (ಒಂದು ಪ್ರದೇಶದ ಸಭೆಗಳ ಮೇಲಿನ ಪಾಸ್ಟರ್, ಹಿರಿಯರ ಕೂಟ) ಇರುವ ಸಭಾಪದ್ಧತಿಗಳಲ್ಲಿ ಪಾಸ್ಟರ್ ಮೇಲೆ ಹೊರಗಿನ ಅಧಿಕಾರ ಈಗಾಗಲೇ ಇದೆ. ಅವರಿಗೆ ಇಸಿಎಫ್‌ಎ ಅಷ್ಟು ಅಗತ್ಯವಲ್ಲ. ಅಲ್ಲಿನ ರೋಗ ಬೇರೆ, ದೂರು ಬಂದವರನ್ನು ಇನ್ನೊಂದು ಊರಿಗೆ ವರ್ಗ ಮಾಡುವುದು. ಯಾವ ಪಂಗಡಕ್ಕೂ ಸೇರದ, ಒಬ್ಬರು ಸ್ಥಾಪಿಸಿ ಬೆಳೆಸಿದ ಸ್ವತಂತ್ರ ಸಭೆಗಳಿಗೆ ಈ ಮುದ್ರೆ ನಿಜವಾಗಿ ಕೆಲಸಕ್ಕೆ ಬರುತ್ತದೆ. ನೂರು ಜನರ ಸಭೆಗೆ ಶುಲ್ಕವೂ ಸಿಪಿಎ ಖರ್ಚೂ ಭಾರವೆನಿಸಿದರೆ ಸದಸ್ಯತ್ವ ಬಿಟ್ಟು ಮಾನದಂಡಗಳನ್ನಷ್ಟೇ ಅಳವಡಿಸಿಕೊಳ್ಳಬಹುದು. ಅವು ಇಸಿಎಫ್‌ಎ ವೆಬ್‌ಸೈಟಿನಲ್ಲಿ ವಿವರಣೆ ಸಮೇತ ಇವೆ. ಐದು ಜನರ ಮಂಡಳಿ, ಪಾಸ್ಟರ್ ಹೊರಗಿದ್ದು ಸಂಬಳ ಗೊತ್ತುಮಾಡುವುದು, ಮೂರು ತಿಂಗಳಿಗೊಮ್ಮೆ ಸಭೆಯ ಮುಂದೆ ಲೆಕ್ಕ ಓದುವುದು. ಇದಕ್ಕೆ ಯಾರ ಅಪ್ಪಣೆಯೂ ಬೇಡ.

ಮುದ್ರೆ ಇರುವ ಸಭೆಗೆ ಕಾಣಿಕೆ ಕೊಡುವವರು ಮಾಡಬೇಕಾದ ಮೊದಲ ಕೆಲಸ, ಆ ಮುದ್ರೆ ಈಗಲೂ ಜೀವಂತವಿದೆಯೇ ಎಂದು ಇಸಿಎಫ್‌ಎ ಸದಸ್ಯರ ಪಟ್ಟಿಯಲ್ಲೇ ಹುಡುಕುವುದು. ಸಭೆಯ ವೆಬ್‌ಸೈಟಿನಲ್ಲಿರುವ ಚಿತ್ರ ಹಳೆಯದಿರಬಹುದು. ಎರಡನೆಯದು ಪತ್ರ. ಮಂಡಳಿಯ ಅಧ್ಯಕ್ಷರ ಹೆಸರಿಗೆ ಬರೆಯಿರಿ, ಪಾಸ್ಟರ್ ಹೆಸರಿಗಲ್ಲ. ಕೇಳುವುದು ನಾಲ್ಕೇ: ಇತ್ತೀಚಿನ ಹಣಕಾಸು ತಃಖ್ತೆ ಟಿಪ್ಪಣಿಗಳ ಸಮೇತ, ಬೈಲಾ, ಮಂಡಳಿ ಸದಸ್ಯರ ಹೆಸರು ಮತ್ತು ನೇಮಕದ ವರ್ಷ, ಪಾಸ್ಟರ್‌ಗೆ ಸಿಗುವ ಒಟ್ಟು ಮೊತ್ತವನ್ನು ಕೊನೆಯ ಸಲ ಯಾವ ತಾರೀಖಿಗೆ, ಯಾರು ಒಪ್ಪಿದರು. ಮೊದಲನೆಯದನ್ನು ಕೊಡದೆ ಇರುವಂತಿಲ್ಲ. ಉಳಿದ ಮೂರು ಅವರ ಇಷ್ಟ, ಕೊಡುವುದಿಲ್ಲ ಎಂದರೆ ಅದೂ ಒಂದು ಉತ್ತರ. ಆಪಾದನೆಯ ಧಾಟಿ ಬೇಡ, ಕಾರಣ ಹೇಳುವ ಅಗತ್ಯವೂ ಇಲ್ಲ. ತಾರೀಖು ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ತಿಂಗಳಾದರೂ ತಃಖ್ತೆ ಬರದಿದ್ದರೆ ಐದನೆಯ ಮಾನದಂಡವನ್ನು ಹೆಸರಿಸಿ, ಆ ಪ್ರತಿಯನ್ನು ಲಗತ್ತಿಸಿ ಇಸಿಎಫ್‌ಎಗೆ ದೂರು ಕಳಿಸಬಹುದು. ಸದಸ್ಯರ ವಿರುದ್ಧದ ದೂರುಗಳನ್ನು ಅವರು ಸಾರ್ವಜನಿಕರಿಂದಲೂ ಸ್ವೀಕರಿಸುತ್ತಾರೆ.